ಅಂಗಿಯೊಳಗಿನ ಮಳೆ

ಮಳೆಗಾಲದಲ್ಲಿ ಬೈಸಿಕಲ್ಲನ್ನೇರಿ ಕಾಲೇಜಿಗೋ ಕಚೇರಿಗೋ ಹೊರಡುವವನ ಪಾಡು ವಿಚಿತ್ರವಾದುದು. ರೈನ್‌ಕೋಟಿಲ್ಲದೆ ಹೊರಟರೆ ಅವನು ಮಳೆಯಲ್ಲಿ ನೆನೆಯುತ್ತಾನೆ. ರೈನ್‌ಕೋಟನ್ನು ತೊಟ್ಟು ಹೊರಟರೆ ತನ್ನ ಬೆವರಿನಲ್ಲಿಯೇ ನೆನೆಯುತ್ತಾನೆ. ಎಂಟು ಹತ್ತು ಕಿಲೋಮೀಟರು ತುಳಿದು ಬಂದು ಕೋಟನ್ನು ಕಳಚಿದಾಗ, ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತದೆ. ತೋಳಿನಿಂದ ನೀರು ಇಳಿಯುತ್ತಿರುತ್ತದೆ. ಕೋಟು ತೂತಾಗಿದೆಯೆಂದು ಮನೆಯವರು ಅಂಗಡಿಯವನನ್ನು ಶಪಿಸುತ್ತಾರೆ. ಪಾಪ, ಕೋಟಿಗೆ ತೂತು ಬಿದ್ದಿರುವುದೇ ಇಲ್ಲ. ತೂತಿಲ್ಲದಿರುವುದೇ ಅದರ ದೋಷ!

ಈ ತೊಂದರೆಗೆ ಪರಿಹಾರವೆಂದು ಇಂದು ಅಂಗಡಿಗಳಲ್ಲಿ ‘ಉಸಿರಾಡುವ’ ಜಾಕೆಟ್ಟುಗಳು ದೊರೆಯುತ್ತವೆ. ಹೊರಗಿನ ನೀರನ್ನು ಒಳಗೆ ಬಿಡದೆ, ಒಳಗಿನ ಬೆವರಿನ ಹಬೆಯನ್ನು ಹೊರಗೆ ಬಿಡುವ ಬಟ್ಟೆ ಎಂಬುದು ಅವುಗಳ ಹೆಗ್ಗಳಿಕೆ. ಕೆಲವು ನೂರು ರೂಪಾಯಿಗಳಿಗೆ ಸಿಕ್ಕುವ ಸಾಮಾನ್ಯ ರೈನ್‌ಕೋಟಿನ ಪಕ್ಕದಲ್ಲಿಯೇ ಹತ್ತು ಸಾವಿರಕ್ಕೂ ಮಿಕ್ಕಿದ ಬೆಲೆಯ ಜಾಕೆಟ್ಟು ತೂಗಾಡುತ್ತಿರುತ್ತದೆ. ಓದುವ ಮಗನ ಆರೋಗ್ಯಕ್ಕಿಂತ ಹಣ ಹೆಚ್ಚೇ ಎಂದು ತಾಯಿ ಅದನ್ನೇ ಕೊಡಿಸಬಯಸುತ್ತಾಳೆ. ತಿಂಗಳ ಖರ್ಚಿನ ಲೆಕ್ಕ ಹಾಕುತ್ತ ತಂದೆ ಸುಮ್ಮನಿರುತ್ತಾನೆ. ಇಬ್ಬರ ಪಕ್ಷದಲ್ಲಿಯೂ ನ್ಯಾಯವಿದೆ. ಯಾರ ಪಕ್ಷ ಗೆಲ್ಲಬೇಕೆಂಬುದನ್ನು ಅಂಗಡಿಯ ಚೀಟಿಯಾಗಲಿ ಬೆಲೆಯಾಗಲಿ ತೀರ್ಮಾನಿಸಲಾರದು. ಮಗನು ಬೈಸಿಕಲ್ಲು ತುಳಿಯುವ ಊರಿನ ಗಾಳಿ ತೀರ್ಮಾನಿಸಬೇಕು. ಅದು ಹೇಗೆಂಬುದನ್ನು ಸ್ವಲ್ಪ ವಿಚಾರಿಸಬಹುದು.

ಮೈಯೆಂಬ ಒಲೆ

ನಡೆಯುವವನಿಗೆ ಒದಗುವ ರೈನ್‌ಕೋಟು ತುಳಿಯುವವನಿಗೆ ಏಕೆ ಒದಗುವುದಿಲ್ಲ? ಕಾರಣ ಸರಳವಾಗಿದೆ. ಮನುಷ್ಯನ ಮೈಯೂ ಒಂದು ಎಂಜಿನ್ನು. ಅಷ್ಟೇನೂ ದಕ್ಷವಲ್ಲದ ಎಂಜಿನ್ನು. ಬೈಸಿಕಲ್ಲು ತುಳಿಯುವಾಗ ಅದು ವೆಚ್ಚಮಾಡುವ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕರಲ್ಲೊಂದು ಪಾಲು ಪೆಡಲನ್ನು ಸೇರುತ್ತದೆ. ಉಳಿದ ಮೂರು ಪಾಲು ಶಾಖವಾಗುತ್ತದೆ. ಸವಾರನು ಪೆಡಲಿಗೆ 100 ವಾಟ್ ಶಕ್ತಿಯನ್ನು ಒದಗಿಸುತ್ತಿದ್ದರೆ ಅವನ ಮೈಯಲ್ಲಿ 300 ವಾಟ್ ಶಾಖ ಹುಟ್ಟುತ್ತಿರುತ್ತದೆ. ಹಳೆಯ ಕಾಲದ 100 ವಾಟಿನ ಬಲ್ಬುಗಳು ಮೂರನ್ನು ಹೊತ್ತಿಸಿ ರೈನ್‌ಕೋಟಿನೊಳಗೆ ಇಟ್ಟುಕೊಂಡಂತಾಯಿತು.

ಈ ಶಾಖವನ್ನು ಕಳೆಯಲು ಪ್ರಕೃತಿ ಕೊಟ್ಟಿರುವ ಮುಖ್ಯ ಸಾಧನವೇ ಬೆವರು. ಒಂದು ಗ್ರಾಂ ಬೆವರು ಆವಿಯಾಗಿ ಹೋಗುವಾಗ ಸುಮಾರು 2,400 ಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ಮೇಲೆ ಹೇಳಿದ ಶಾಖವೆಲ್ಲವೂ ಬೆವರಿನ ಮೂಲಕವೇ ಹೋಗಬೇಕಾದರೆ ಗಂಟೆಗೆ ಹತ್ತಿರ ಹತ್ತಿರ ಅರ್ಧ ಲೀಟರು ನೀರು ಆವಿಯಾಗಿ ಅಂಗಿಯಿಂದ ಹೊರಬೀಳಬೇಕು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೈಯನ್ನು ತಂಪುಮಾಡುವುದು ಸುರಿದ ಬೆವರಲ್ಲ, ಆರಿದ ಬೆವರು. ಆರಲು ದಾರಿಯಿಲ್ಲದಾಗ ಮೈ ಇನ್ನಷ್ಟು ಬೆವರುತ್ತದೆ. ಆ ಬೆವರೂ ಆರದೆ ಅಂಗಿಯನ್ನು ಸೇರುತ್ತದೆ. ಅಂಗಿಯೊಳಗಿನ ಮಳೆ ಹುಟ್ಟುವುದು ಹೀಗೆ.

ನಗರದೊಳಗಿನ ಸವಾರನಿಗೆ ಇದು ಮುಜುಗರದ ಸಂಗತಿಯಷ್ಟೆ. ಆದರೆ ಘಟ್ಟದಲ್ಲಿ ಇದು ಅಪಾಯವೂ ಆಗಬಹುದು. ಚಾರ್ಮಾಡಿ ಘಾಟಿಯನ್ನು ತುಳಿದೇರುವ ತರುಣನ ಮೈ ಒಲೆಯಂತೆ ಕಾದಿರುತ್ತದೆ. ಮೇಲೇರಿ, ತಿರುಗಿ ಇಳಿಯತೊಡಗಿದೊಡನೆ ಕಾಲಿಗೆ ಕೆಲಸವಿಲ್ಲ, ಒಲೆ ಆರುತ್ತದೆ. ಎದುರುಗಾಳಿ ಮಾತ್ರ ಮುಖಕ್ಕೆ ರಾಚುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮೀರಿ ವೇಗವಾಗಿ ಮೈಯ ಶಾಖವನ್ನು ಸೆಳೆಯುತ್ತದೆ. ಒದ್ದೆ ಬಟ್ಟೆಯಲ್ಲಿ ಹಾಗೆ ಇಳಿಯುವವನ ಬೆರಳುಗಳು ಮರಗಟ್ಟಿ ಬ್ರೇಕನ್ನು ಹಿಡಿಯಲಾರದೆ ಹೋಗಬಹುದು. ಕಡಿದಾದ ತಿರುವಿನಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂರು ವರ್ಷಗಳ ಹುಡುಕಾಟ

ನೀರನ್ನು ತಡೆಯುವ ಬಟ್ಟೆಯ ಕಥೆ ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಿಂದ ಆರಂಭವಾಗುತ್ತದೆಯೆನ್ನಬಹುದು. ಕಲ್ಲಿದ್ದಲಿನಿಂದ ಅನಿಲ ತೆಗೆಯುವ ಕಾರ್ಖಾನೆಗಳಲ್ಲಿ ಉಳಿಯುತ್ತಿದ್ದ ಟಾರಿನಿಂದ ನ್ಯಾಫ್ತಾ ಎಂಬ ದ್ರವ ದೊರೆಯುತ್ತಿದ್ದಿತು. ಚಾರ್ಲ್ಸ್ ಮ್ಯಾಕಿಂಟಾಷ್ ಎಂಬ ರಸಾಯನ ತಜ್ಞನು ಅದರಲ್ಲಿ ರಬ್ಬರನ್ನು ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದು, ಒತ್ತಿ ಅಂಟಿಸಿದನು. 1823ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ನೀರೇನೋ ನಿಂತಿತು. ಆದರೆ ಆ ಕೋಟು ಚಳಿಗೆ ಹಲಗೆಯಂತೆ ಸೆಟೆಯುತ್ತಿದ್ದಿತು, ಬಿಸಿಲಿಗೆ ಅಂಟಂಟಾಗುತ್ತಿದ್ದಿತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಮತ್ತು ಇಂಗ್ಲೆಂಡಿನ ಥಾಮಸ್ ಹ್ಯಾನ್‌ಕಾಕ್ ರಬ್ಬರಿಗೆ ಗಂಧಕವನ್ನು ಸೇರಿಸಿ ಕಾಯಿಸುವ ವಿದ್ಯೆಯನ್ನು 1840ರ ದಶಕದಲ್ಲಿ ಬಳಕೆಗೆ ತಂದ ಮೇಲೆ ಈ ಎರಡು ದೋಷಗಳೂ ನೀಗಿದುವು. ಮೂರನೆಯದಾದ ಬೆವರಿನ ದೋಷ ಮಾತ್ರ ಹಾಗೆಯೇ ಉಳಿಯಿತು.

ಆಮೇಲೆ ಬಂದವರು ಬೇರೆ ದಾರಿ ಹಿಡಿದರು. ಇಂಗ್ಲೆಂಡಿನ ಥಾಮಸ್ ಬರ್ಬೆರಿ 1879ರಲ್ಲಿ ರಬ್ಬರನ್ನೇ ಬಿಟ್ಟು, ನೂಲಿಗೆ ಮೊದಲೇ ನೀರು ಹತ್ತದಂತೆ ಸಂಸ್ಕಾರಮಾಡಿ, ಒತ್ತಾಗಿ ನೇಯ್ದ ಗ್ಯಾಬರ್ಡಿನ್ ಬಟ್ಟೆಯನ್ನು ತಂದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮ್ಯಾಂಚೆಸ್ಟರಿನ ಶರ್ಲಿ ಸಂಸ್ಥೆಯವರು ವೆಂಟೈಲ್ ಎಂಬ ಹತ್ತಿಬಟ್ಟೆಯನ್ನು ರೂಪಿಸಿದರು. ಅದರ ನೂಲು ನೆನೆದೊಡನೆ ಉಬ್ಬಿಕೊಂಡು ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಸಮುದ್ರಕ್ಕೆ ಬಿದ್ದ ವಿಮಾನ ಚಾಲಕರು ತಣ್ಣೀರಿನಲ್ಲಿ ಹೆಚ್ಚು ಹೊತ್ತು ಬದುಕಿರಲೆಂದು ಅದನ್ನು ಉಪಯೋಗಿಸಿದರು. ಒಳ್ಳೆಯ ಬಟ್ಟೆಯೇ ಸರಿ. ಆದರೆ ನೆನೆದಾಗ ಭಾರ, ಬೆಲೆಯಲ್ಲಿಯೂ ಭಾರ.

ಇಂದಿನ ‘ಉಸಿರಾಡುವ’ ಬಟ್ಟೆಗೆ ಕಾರಣವಾದುದು 1969ರ ಒಂದು ಪ್ರಸಂಗ. ದೋಸೆಯ ಕಾವಲಿಗೆ ಹಿಟ್ಟು ಅಂಟದಂತೆ ಬಳಿಯುವ ಟೆಫ್ಲಾನ್ ವಾಚಕರಿಗೆ ತಿಳಿದೇ ಇದೆ. ಅಮೆರಿಕದ ಬಾಬ್ ಗೋರ್ ಎಂಬಾತನು ಆ ಪದಾರ್ಥದ ಕಾದ ಕಡ್ಡಿಗಳನ್ನು ಹಿಗ್ಗಿಸಲು ಪ್ರಯತ್ನಿಸುತ್ತಿದ್ದನು. ಮೆಲ್ಲಗೆ ಎಳೆದರೆ ಅವು ತುಂಡಾಗುತ್ತಿದ್ದುವು. ಬೇಸತ್ತು ಒಮ್ಮೆ ರಭಸದಿಂದ ಜಗ್ಗಿದಾಗ ಕಡ್ಡಿ ತುಂಡಾಗದೆ ಹತ್ತು ಪಟ್ಟಿನಷ್ಟು ಹಿಗ್ಗಿತು! ಹಾಗೆ ಹಿಗ್ಗಿದ ವಸ್ತುವಿನಲ್ಲಿ ಬಹುಪಾಲು ಗಾಳಿಯೇ. ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ನೀರಿನ ಹನಿ ಅವುಗಳಲ್ಲಿ ನುಸುಳಲಾರದು. ನೀರಿನ ಆವಿ ಧಾರಾಳವಾಗಿ ನುಸುಳಬಲ್ಲುದು. ಗೋರ್‌ಟೆಕ್ಸ್ ಎಂಬ ಹೆಸರಿನಲ್ಲಿ ಆ ತೆಳುಪೊರೆಯನ್ನು ಅಂಟಿಸಿದ ಬಟ್ಟೆ 1976ರಲ್ಲಿ ಮಾರುಕಟ್ಟೆಗೆ ಬಂದಿತು. ಇಂದು ಬೇರೆ ಬೇರೆ ಪದಾರ್ಥಗಳಿಂದ, ಬೇರೆ ಬೇರೆ ಹೆಸರುಗಳಲ್ಲಿ ಇಂಥ ಪೊರೆಗಳು ಅನೇಕವಾಗಿವೆ.

ಹಬೆಯನ್ನು ತಳ್ಳುವವರು ಯಾರು?

ಇಷ್ಟಾದರೆ ಸಮಸ್ಯೆ ಬಗೆಹರಿದಂತಾಯಿತಲ್ಲವೆ ಎಂದು ಕೇಳಬಹುದು. ಬಗೆಹರಿಯಲಿಲ್ಲ. ಪೊರೆಯಲ್ಲಿ ಬಾಗಿಲಿದೆ, ನಿಜ. ಆದರೆ ಬಾಗಿಲಿದ್ದ ಮಾತ್ರಕ್ಕೆ ಒಳಗಿದ್ದವರು ಹೊರಗೆ ಬರಬೇಕೆಂಬ ನಿಯಮವೇನಿದೆ? ಹೊರಗೂ ಅಷ್ಟೇ ನೂಕುನುಗ್ಗಲಿದ್ದರೆ ಅವರು ಬರುವುದಾದರೂ ಹೇಗೆ? ಆವಿಯ ಸ್ವಭಾವವೂ ಇದೇ. ಒತ್ತಡ ಹೆಚ್ಚಾಗಿರುವ ಕಡೆಯಿಂದ ಕಡಮೆಯಾಗಿರುವ ಕಡೆಗೆ ಅದು ಹರಿಯುತ್ತದೆ. ಎರಡೂ ಕಡೆ ಒತ್ತಡ ಹತ್ತಿರ ಹತ್ತಿರವಾದಷ್ಟೂ ಹರಿವು ಕುಂಠಿತವಾಗುತ್ತದೆ.

ಅಂಕಿಗಳನ್ನು ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ. ಬೆವರಿನಿಂದ ಒದ್ದೆಯಾದ, 34 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರುವ ಚರ್ಮದ ಮೇಲೆ ಆವಿಯ ಒತ್ತಡ ಪಾದರಸದ ಸುಮಾರು 40 ಮಿಲಿಮೀಟರಿನಷ್ಟಿರುತ್ತದೆ. ಮ್ಯಾಂಚೆಸ್ಟರಿನಲ್ಲಿ 10 ಡಿಗ್ರಿಯ ಚಳಿಯೊಡನೆ ಮಳೆ ಬೀಳುತ್ತಿದೆಯೆನ್ನೋಣ. ಗಾಳಿಯ ತೇವ ನೂರಕ್ಕೆ ತೊಂಬತ್ತಿದ್ದರೂ ಅಲ್ಲಿ ಹೊರಗಿನ ಆವಿಯ ಒತ್ತಡ ಸುಮಾರು 8 ಮಿಲಿಮೀಟರು ಮಾತ್ರ. ಒಳಗೂ ಹೊರಗೂ 32ರ ಅಂತರ. ಹಬೆಯನ್ನು ಹೊರಗೆ ನೂಕಲು ಧಾರಾಳವಾಯಿತು. ಈಗ ಜುಲೈ ತಿಂಗಳ ಮಂಗಳೂರಿಗೆ ಬರೋಣ. 27 ಡಿಗ್ರಿಯ ಗಾಳಿ, ನೂರಕ್ಕೆ ತೊಂಬತ್ತೈದರ ತೇವ. ಅಲ್ಲಿ ಹೊರಗಿನ ಒತ್ತಡವೇ 25 ಮಿಲಿಮೀಟರು. ಉಳಿಯುವ ಅಂತರ 15 ಮಾತ್ರ. ಅದೇ ಜಾಕೆಟ್ಟು, ಅದೇ ಬೆಲೆ. ಕೆಲಸ ಮಾತ್ರ ಅರ್ಧಕ್ಕಿಂತ ಕಡಮೆ! ಸಂಜೆಯ ಮಳೆಗೆ ಗಾಳಿ 21 ಡಿಗ್ರಿಗೆ ತಂಪಾದಾಗಿನ ಬೆಂಗಳೂರು ಈ ಎರಡರ ನಡುವಣದು. ಅಲ್ಲಿ ಅಂತರ ಸುಮಾರು 23.

ಬಟ್ಟೆಯ ಹೊರಮೈ ನೆನೆದು ತೊಪ್ಪೆಯಾದರಂತೂ ಕೇಳುವುದೇ ಬೇಡ. ನೀರಿನ ಹಾಸು ರಂಧ್ರಗಳ ಮೇಲೆ ಬಿಗಿದ ಮುಚ್ಚಳದಂತಾಗಿ ಹಬೆ ಒಳಗೇ ತಂಗುತ್ತದೆ. ಹೊಸ ಜಾಕೆಟ್ಟಿನ ಮೇಲೆ ನೀರಿನ ಹನಿಗಳು ಕೆಸುವಿನೆಲೆಯ ಮೇಲಿನಂತೆ ಉರುಳುವುದನ್ನು ನೋಡಿರಬಹುದು. ಅದಕ್ಕೆ ಕಾರಣ ಒಳಗಿನ ಪೊರೆಯಲ್ಲ. ಹೊರಮೈಗೆ ಹಚ್ಚಿರುವ ಲೇಪ. ಲೇಪ ಸವೆದ ಮೇಲೆ ಪೊರೆ ಎಷ್ಟು ಒಳ್ಳೆಯದಾದರೂ ಅದು ಬಾಗಿಲು ಮುಚ್ಚಿದ ಮನೆಯೇ.

ಮಲೆನಾಡಿನ ಹಿರಿಯರ ಉಪಾಯ

ಹಾಗಾದರೆ ಬಿಸಿಮಳೆಯ ನಾಡಿನವರಿಗೆ ಗತಿಯೇನು? ಉತ್ತರವನ್ನು ಹುಡುಕಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಮಲೆನಾಡಿನ ಗದ್ದೆಗಳಲ್ಲಿ ನಾಟಿಯ ಕಾಲದಲ್ಲಿ ತೊಡುತ್ತಿದ್ದ ಗೊರಬನ್ನು ನೆನೆದರೆ ಸಾಕು. ಬಿದಿರಿನ ಸೀಳುಗಳ ಹಂದರಕ್ಕೆ ಎಲೆಗಳನ್ನು ಹೊದಿಸಿ ಹೆಣೆದ ಈ ಸಾಧನ ತಲೆಯಿಂದ ಸೊಂಟದ ಕೆಳಗಿನವರೆಗೆ ಬೆನ್ನನ್ನು ಮುಚ್ಚುತ್ತದೆ. ಎದೆಯ ಕಡೆ ಪೂರ್ತಿ ತೆರವು. ನಾಟಿಯ ಹೆಂಗಸು ಇಡೀ ದಿನ ಬಗ್ಗಿ ದುಡಿಯುವವಳು. ಮಳೆ ಬೀಳುವುದು ಬೆನ್ನಿಗೆ, ಗಾಳಿಯಾಡಬೇಕಾದುದು ಎದೆಗೆ. ಉಸಿರಾಡುವ ಬಟ್ಟೆಯ ಗೊಡವೆಯೇ ಇಲ್ಲದೆ ಇಲ್ಲಿ ನೀರಿಗೂ ಹಬೆಗೂ ಬೇರೆ ಬೇರೆ ದಾರಿಗಳಾದುವು.

ಚಳಿಮಳೆಗೆ ಕಂಬಳಿಕೊಪ್ಪೆ ಇದ್ದಿತು. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಯೂ ಮೈಗೆ ಒದ್ದೆಯೆನಿಸುವುದಿಲ್ಲ. ಅದು ನೀರನ್ನು ಪೂರ್ತಿ ತಡೆಯುವುದಿಲ್ಲವೆಂಬುದು ನಿಜ. ಆದರೆ ನೆನೆದರೂ ಬೆಚ್ಚಗಿಡುತ್ತದೆ. ಬಿಸಿಮಳೆಗೆ ಗೊರಬು, ಚಳಿಮಳೆಗೆ ಕಂಬಳಿ ಎಂದು ವಿಂಗಡಿಸಿದವರು ಒತ್ತಡದ ಅಂಕಿಗಳನ್ನು ಓದಿದವರಲ್ಲ, ಮಳೆಯನ್ನು ಓದಿದವರು.

ಬೈಸಿಕಲ್ಲಿನ ಸವಾರನೂ ಹ್ಯಾಂಡಲಿನ ಮೇಲೆ ಬಗ್ಗಿ ದುಡಿಯುವವನೇ. ಆದುದರಿಂದ ಗೊರಬಿನ ನ್ಯಾಯ ಅವನಿಗೂ ಸಲ್ಲುತ್ತದೆ. ಬಿಸಿಮಳೆಯ ಊರಿನಲ್ಲಿ ಪೊರೆಯ ರಂಧ್ರಗಳಿಗಿಂತ ಅಂಗಿಯ ಕಿಂಡಿಗಳು ಹೆಚ್ಚು ಕೆಲಸಮಾಡುತ್ತವೆ. ಕಂಕುಳಿನ ಕೆಳಗೆ ಉದ್ದನೆಯ ಜಿಪ್ಪು, ಬೆನ್ನಿನಲ್ಲಿ ಮಡಿಕೆಯ ಮರೆಯಲ್ಲಿ ಗಾಳಿಕಿಂಡಿ, ಮೇಲಿನಿಂದಲೂ ಕೆಳಗಿನಿಂದಲೂ ತೆರೆಯಬಹುದಾದ ಮುಂಭಾಗದ ಜಿಪ್ಪು, ಸ್ವಲ್ಪ ಸಡಿಲವಾದ ಹೊಲಿಗೆ - ಇವಿಷ್ಟಿದ್ದರೆ ಸಾಧಾರಣ ಬೆಲೆಯ ಜಾಕೆಟ್ಟೂ ಕರಾವಳಿಯಲ್ಲಿ ದುಬಾರಿ ಪೊರೆಯ ಜಾಕೆಟ್ಟಿಗೆ ಸಮನಾಗಿ ನಿಲ್ಲಬಲ್ಲುದು.

ಯಾರಿಗೆ ಯಾವುದು?

ಮನೆಯಿಂದ ಮೂರು ನಾಲ್ಕು ಕಿಲೋಮೀಟರು ದೂರದ ಶಾಲೆಗೆ ಹೋಗುವ ಹುಡುಗನಿಗೆ ಬೆಲೆಬಾಳುವ ಜಾಕೆಟ್ಟು ಅನಾವಶ್ಯಕ. ಬೆವರು ಸುರಿಯುವುದರೊಳಗಾಗಿ ಅವನು ಶಾಲೆಯನ್ನು ಸೇರಿರುತ್ತಾನೆ. ಕಿಂಡಿಗಳಿರುವ ಸಾಮಾನ್ಯ ಕೋಟು ಅವನಿಗೆ ಸಾಕು. ಕೆಳಗೆ ತೆರವಾಗಿರುವ ಕೇಪು ಗಾಳಿಯಿಲ್ಲದ ಮಳೆಯಲ್ಲಿ, ನಿಧಾನದ ಸವಾರಿಯಲ್ಲಿ ಅತ್ಯಂತ ಸುಖಕರ. ಆದರೆ ಬಿರುಗಾಳಿಗೆ ಅದು ಹಡಗಿನ ಹಾಯಿಯಂತೆ ಉಬ್ಬಿ ಸವಾರನನ್ನು ಪಕ್ಕಕ್ಕೆಳೆಯುತ್ತದೆ. ಅದರ ಸೆರಗು ಚಕ್ರಕ್ಕೆ ಸಿಕ್ಕದಂತೆ ಕಟ್ಟಿಕೊಳ್ಳುವುದನ್ನು ಮಕ್ಕಳಿಗೆ ಮೊದಲೇ ಕಲಿಸಬೇಕು. ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಹ್ಯಾಂಡಲು ಹಿಡಿಯುವ ಸಾಹಸವನ್ನಂತೂ ಯಾವ ಮನೆಯವರೂ ಒಪ್ಪಬಾರದು.

ಬೆಂಗಳೂರು ಮೈಸೂರುಗಳಲ್ಲಿ ಹತ್ತು ಹದಿನೈದು ಕಿಲೋಮೀಟರು ದಿನವೂ ತುಳಿಯುವವರು ಕಿಂಡಿಗಳೂ ಇರುವ, ಮಧ್ಯಮ ದರ್ಜೆಯ ಪೊರೆಯ ಜಾಕೆಟ್ಟನ್ನು ಆರಿಸಿಕೊಂಡರೆ ಹಣ ಸಾರ್ಥಕ. ಚಿಕ್ಕಮಗಳೂರು, ಕೊಡಗುಗಳ ಘಟ್ಟಗಳಲ್ಲಿ ಸವಾರಿಮಾಡುವವರಿಗೂ, ಲಂಡನ್ ಆಮ್‌ಸ್ಟರ್‌ಡಾಮ್‌ಗಳಲ್ಲಿ ನೆಲೆಸಿ ಬೈಸಿಕಲ್ಲನ್ನೇ ವಾಹನವಾಗಿ ಮಾಡಿಕೊಂಡಿರುವ ನಮ್ಮವರಿಗೂ ಉತ್ತಮ ಪೊರೆಯ ಜಾಕೆಟ್ಟು ಐಷಾರಾಮವಲ್ಲ, ಅವಶ್ಯಕತೆ. ಮಂಗಳೂರು, ಉಡುಪಿ, ಕಾರವಾರಗಳ ಸವಾರನು ಮಾತ್ರ ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು: ಯಾವ ಜಾಕೆಟ್ಟೂ ಅವನನ್ನು ಪೂರ್ತಿ ಒಣದಾಗಿ ಇಡಲಾರದು. ಬೇಗ ಆರುವ ತೆಳು ಅಂಗಿಯೊಂದನ್ನು ತೊಟ್ಟು, ಬದಲಿ ಬಟ್ಟೆಯನ್ನು ನೀರು ಹೊಗದ ಚೀಲದಲ್ಲಿ ಕಟ್ಟಿ ಕ್ಯಾರಿಯರಿಗೆ ಬಿಗಿದುಕೊಂಡು ಹೋಗುವುದೇ ಅವನಿಗೆ ಜಾಣತನ. ಚೀಲ ಬೆನ್ನ ಮೇಲಿದ್ದರೆ ಬೆನ್ನಿನ ಹಬೆಗೆ ಇದ್ದ ದಾರಿಯೂ ಮುಚ್ಚುತ್ತದೆ.

ಅಂಗಡಿಯಲ್ಲಿ ನೋಡಬೇಕಾದುದು

ಜಾಕೆಟ್ಟಿನ ಚೀಟಿಯ ಮೇಲೆ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಮಿಲಿಮೀಟರುಗಳಲ್ಲಿ. ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರಿನ ಕಂಬ ನಿಂತರೆ ಅದು ಸೋರತೊಡಗುತ್ತದೆಂಬುದನ್ನು ಇದು ತಿಳಿಸುತ್ತದೆ. 5,000 ಇದ್ದರೆ ಸಾಧಾರಣ ಮಳೆಗೆ ಸಾಕು. 10,000 ನಮ್ಮ ಮುಂಗಾರಿಗೆ ಒಳ್ಳೆಯದು. 20,000ಕ್ಕಿಂತ ಮೇಲಿನದು ನಗರದ ಸವಾರನಿಗೆ ಬೇಕಾಗಿಲ್ಲ. ಎರಡನೆಯ ಅಂಕಿ ಗ್ರಾಂಗಳಲ್ಲಿ. ಒಂದು ಚದರ ಮೀಟರು ಬಟ್ಟೆ ದಿನವೊಂದಕ್ಕೆ ಎಷ್ಟು ಆವಿಯನ್ನು ಬಿಡುತ್ತದೆಂಬುದರ ಅಳತೆ ಅದು. ಇದನ್ನು ಅಳೆಯುವ ವಿಧಾನಗಳು ಹಲವಾಗಿರುವುದರಿಂದ ಒಬ್ಬ ತಯಾರಕನ ಅಂಕಿಯನ್ನು ಇನ್ನೊಬ್ಬನ ಅಂಕಿಯೊಡನೆ ಹೋಲಿಸುವುದು ವ್ಯರ್ಥ. ಕೆಲವು ಚೀಟಿಗಳಲ್ಲಿ ‘ರೆಟ್’ ಎಂಬ ಬೇರೊಂದು ಅಳತೆ ಇರುತ್ತದೆ. ಅದು ಆವಿಗೆ ಬಟ್ಟೆಯೊಡ್ಡುವ ಅಡ್ಡಿಯನ್ನು ಅಳೆಯುವುದರಿಂದ ಕಡಮೆಯಿದ್ದಷ್ಟೂ ಮೇಲು. 6ಕ್ಕಿಂತ ಕೆಳಗಿದ್ದರೆ ಅತ್ಯುತ್ತಮ. 20 ಮೀರಿದರೆ ಸವಾರನಿಗೆ ಅಯೋಗ್ಯ.

ಅಂಕಿಗಳಿಗಿಂತ ಕಣ್ಣು ಹೆಚ್ಚು ನಂಬಿಕೆಗೆ ಅರ್ಹ. ಜಾಕೆಟ್ಟನ್ನು ಮಗುಚಿ ಒಳಗಿನ ಹೊಲಿಗೆಗಳನ್ನು ನೋಡಬೇಕು. ಸೂಜಿ ಹೊಕ್ಕ ಪ್ರತಿಯೊಂದು ತೂತೂ ನೀರಿಗೆ ಬಾಗಿಲು. ಆದುದರಿಂದ ಎಲ್ಲ ಹೊಲಿಗೆಗಳ ಮೇಲೆಯೂ ಪಟ್ಟಿ ಅಂಟಿಸಿರಬೇಕು. ಅನಂತರ ಅದನ್ನು ತೊಟ್ಟು, ನೆಟ್ಟಗೆ ನಿಲ್ಲದೆ, ಹ್ಯಾಂಡಲು ಹಿಡಿದವರಂತೆ ಮುಂದಕ್ಕೆ ಬಾಗಿ ಕೈ ಚಾಚಬೇಕು. ಆಗ ತೋಳು ಮಣಿಕಟ್ಟನ್ನು ಬಿಟ್ಟು ಮೇಲೇರಬಾರದು. ಹಿಂಭಾಗ ಸೊಂಟವನ್ನು ಬಿಟ್ಟು ಸರಿಯಬಾರದು. ಹಿಂದುಗಡೆ ಉದ್ದವಾಗಿ ಇಳಿಬಿದ್ದ ಜಾಕೆಟ್ಟು ಸವಾರನಿಗೆಂದೇ ಹೊಲಿದುದು. ಚಕ್ರವೆರಚುವ ಕೆಸರನ್ನು ತಡೆಯಲು ಅದರೊಡನೆ ಮಡ್‌ಗಾರ್ಡೂ ಇರಬೇಕು. ಕೆಳಗಿನಿಂದೇಳುವ ಮಳೆಗೆ ಜಾಕೆಟ್ಟು ಮದ್ದಲ್ಲ.

ತಲೆಯ ಮುಸುಕನ್ನು ಪರೀಕ್ಷಿಸುವುದು ಎಲ್ಲಕ್ಕಿಂತ ಮುಖ್ಯ. ಕತ್ತನ್ನು ತಿರುಗಿಸಿದಾಗ ಮುಸುಕೂ ಜೊತೆಯಲ್ಲಿ ತಿರುಗಬೇಕು. ಇಲ್ಲವಾದರೆ ಸವಾರನು ಹಿಂದಿನಿಂದ ಬರುವ ಬಸ್ಸನ್ನು ನೋಡಲು ಹೊರಳಿ ಮುಸುಕಿನ ಒಳಮೈಯನ್ನು ನೋಡುತ್ತಾನೆ! ಹಾಗೆಯೇ ಬಣ್ಣ. ಕಪ್ಪು, ಬೂದು, ಗಾಢನೀಲಿಗಳು ಕೊಳೆ ತೋರುವುದಿಲ್ಲವೆಂದು ಮನೆಯವರಿಗೆ ಮೆಚ್ಚು. ಮಳೆಯ ಸಂಜೆಯಲ್ಲಿ ಅವು ಸವಾರನನ್ನೂ ತೋರುವುದಿಲ್ಲ. ಕಣ್ಣು ಕುಕ್ಕುವ ಹಳದಿ, ಕಿತ್ತಳೆಗಳು ಹಗಲಿಗೆ ಒಳ್ಳೆಯವು. ಕತ್ತಲಲ್ಲಿ ಅವೂ ನಿರುಪಯೋಗಿ. ಆಗ ಬೇಕಾದುದು ವಾಹನದ ದೀಪಕ್ಕೆ ಹೊಳೆಯುವ ಬೆಳ್ಳಿ ಪಟ್ಟಿ. ಜಾಕೆಟ್ಟಿನ ಬೆನ್ನು ತೋಳುಗಳಲ್ಲಿ ಅದಿರಲಿ. ಪೆಡಲಿನೊಡನೆ ಏರಿಳಿಯುವ ಕಾಲಿಗೂ ಒಂದು ಸುತ್ತು ಕಟ್ಟಿದರೆ ಚಾಲಕರ ಗಮನ ಇನ್ನೂ ಬೇಗ ಸೆಳೆಯುತ್ತದೆ.

ಕೊಂಡ ಮೇಲೆ

ಉಸಿರಾಡುವ ಜಾಕೆಟ್ಟನ್ನು ಒಗೆದರೆ ಕೆಡುತ್ತದೆಂಬ ಭಯ ಅನೇಕರಿಗುಂಟು. ಒಗೆಯದಿದ್ದರೆ ಕೆಡುವುದೇ ಹೆಚ್ಚು. ಬೆವರಿನ ಜಿಡ್ಡು, ರಸ್ತೆಯ ಎಣ್ಣೆ, ಕೆಸರುಗಳು ಲೇಪವನ್ನು ಮುಚ್ಚುತ್ತವೆ. ಮೃದುವಾದ ದ್ರವ ಸಾಬೂನಿನಲ್ಲಿ ಒಗೆದು, ಸಾಬೂನು ಸ್ವಲ್ಪವೂ ಉಳಿಯದಂತೆ ಜಾಲಿಸಬೇಕು. ಬಟ್ಟೆಯನ್ನು ಮೆತ್ತಗೆ ಮಾಡುವ ದ್ರಾವಣಗಳನ್ನು ಸೋಕಿಸಲೇಬಾರದು. ಚೀಟಿಯಲ್ಲಿ ಅನುಮತಿಯಿದ್ದರೆ, ಆರಿದ ಮೇಲೆ ತೆಳುಬಟ್ಟೆ ಹಾಸಿ ಹದವಾದ ಕಾವಿನ ಇಸ್ತ್ರಿಯಾಡಿಸಬಹುದು. ಆ ಕಾವಿಗೆ ಲೇಪ ಮತ್ತೆ ಚೇತರಿಸಿಕೊಳ್ಳುತ್ತದೆ. ಆಗಲೂ ಹನಿಗಳು ಉರುಳದಿದ್ದರೆ ಲೇಪವನ್ನು ಹೊಸದಾಗಿ ಹಚ್ಚಬೇಕು. ಅದಕ್ಕಾಗಿ ಜಾಕೆಟ್ಟನ್ನೇ ಎಸೆಯಬೇಕಾಗಿಲ್ಲ.

ಈ ಲೇಪಗಳ ವಿಷಯದಲ್ಲಿ ಇನ್ನೊಂದು ಮಾತಿದೆ. ಬಹುಕಾಲ ಇವುಗಳಲ್ಲಿ ಫ್ಲೋರಿನ್ ಸೇರಿದ, ಮಣ್ಣಿನಲ್ಲಾಗಲಿ ನೀರಿನಲ್ಲಾಗಲಿ ಸುಲಭವಾಗಿ ಕರಗಿ ಹಾಳಾಗದ ರಾಸಾಯನಿಕಗಳನ್ನು ಬಳಸುತ್ತಿದ್ದರು. ಅವು ಕುಡಿಯುವ ನೀರನ್ನೂ ಮನುಷ್ಯರ ರಕ್ತವನ್ನೂ ಸೇರಿರುವುದು ಕಂಡುಬಂದುದರಿಂದ ಕ್ಯಾಲಿಫೋರ್ನಿಯ ರಾಜ್ಯ 2025ರಿಂದಲೂ ಫ್ರಾನ್ಸ್ ದೇಶ 2026ರಿಂದಲೂ, ಕೆಲವು ವಿನಾಯಿತಿಗಳೊಡನೆ, ಉಡುಪುಗಳಲ್ಲಿ ಅವುಗಳನ್ನು ನಿಷೇಧಿಸಿವೆ. ಫ್ಲೋರಿನ್ನಿಲ್ಲದ ಹೊಸ ಲೇಪಗಳು ನೀರನ್ನು ಚೆನ್ನಾಗಿಯೇ ಕೊಡವುತ್ತವೆ. ಎಣ್ಣೆಗೆ ಮಾತ್ರ ಬೇಗ ಸೋಲುತ್ತವೆ. ಆದುದರಿಂದ ಅವನ್ನು ಕೊಂಡವರು ಸ್ವಲ್ಪ ಹೆಚ್ಚು ಸಲ ಒಗೆಯಬೇಕು. ಊರ ಕೆರೆಬಾವಿಗಳ ಹಿತಕ್ಕಾಗಿ ಅಷ್ಟು ಶ್ರಮ ದೊಡ್ಡದಲ್ಲ.

ಅಂತೂ ಅಂಗಡಿಯ ಮುಂದೆ ನಿಂತ ತಂದೆತಾಯಿಗಳು ಜಾಕೆಟ್ಟಿನ ಬೆಲೆಯನ್ನು ಕೇಳುವ ಮೊದಲು ಮಗನ ದಾರಿಯನ್ನು ಕುರಿತು ಕೇಳುವುದು ಲೇಸು. ದಾರಿ ಎಷ್ಟು ಉದ್ದ, ಏರೆಷ್ಟು, ಇಳಿಜಾರೆಷ್ಟು, ಗಾಳಿ ಬಿಸಿಯೋ ತಣ್ಣಗೋ, ಮರಳುವ ಹೊತ್ತಿಗೆ ಕತ್ತಲಾಗಿರುತ್ತದೆಯೋ? ಈ ಪ್ರಶ್ನೆಗಳಿಗೆ ಉತ್ತರ ದೊರೆತರೆ ಜಾಕೆಟ್ಟು ತಾನಾಗಿಯೇ ಗೊತ್ತಾಗುತ್ತದೆ; ಅನೇಕ ವೇಳೆ ಅದು ಅಂಗಡಿಯ ಅತಿ ದುಬಾರಿಯ ಜಾಕೆಟ್ಟಾಗಿರುವುದಿಲ್ಲ. ಉಳಿದ ಹಣದಲ್ಲಿ ಬೈಸಿಕಲ್ಲಿಗೆ ಒಂದು ಜೊತೆ ಒಳ್ಳೆಯ ಬ್ರೇಕ್ ರಬ್ಬರುಗಳನ್ನೂ ಹಿಂದಕ್ಕೊಂದು ಕೆಂಪು ದೀಪವನ್ನೂ ಕೊಂಡರೆ, ತಾಯಿಯ ಕಾಳಜಿಗೂ ತಂದೆಯ ಲೆಕ್ಕಕ್ಕೂ ರಾಜಿಯಾದಂತೆಯೇ ಸರಿ.